ಪಂಚಗಣಿಯ ಪಿಯಾನೊ ಹುಡುಗ

ನಮ್ಮ ಜತ್ತ ತಾಲೂಕು ಇರುವ ಸಾಂಗ್ಲಿ ಜಿಲ್ಲೆಗೆ ಸಾತಾರಾ ಜಿಲ್ಲೆಯು ನೆರೆಯದು. ಅಲ್ಲಿಯ ಪಂಚಗಣಿಗೆ ನಿಮ್ಮಲ್ಲಿ ಕೆಲವರು ಪ್ರವಾಸ ಹೋಗಿ ಬಂದಿರಬಹುದು. ಟೇಬಲ್ ಲ್ಯಾಂಡ್ ಎಂಬ ಬಯಲನ್ನೂ ಸ್ಟ್ರಾಬೆರಿ ತೋಟಗಳನ್ನೂ ತೋರಿಸುವವರು ಬೇಕಾದಷ್ಟು ಜನ. ಆದರೆ ಜಗತ್ತೇ ಕಿವಿಗೊಟ್ಟು ಕೇಳಿದ ಗಾಯಕನೊಬ್ಬನು ಆ ಗುಡ್ಡದ ಮೇಲಿನ ಶಾಲೆಯಲ್ಲಿಯೇ ಪಿಯಾನೊ ಕಲಿತನೆಂಬುದನ್ನು ಯಾರೂ ಹೇಳಿರಲಿಕ್ಕಿಲ್ಲ. ಅವನೇ ಫ್ರೆಡ್ಡಿ ಮರ್ಕ್ಯುರಿ.

ಅವನ ಮೂಲ ಹೆಸರು ಫರೋಖ್ ಬಲ್ಸಾರಾ. 1946ನೆಯ ಇಸವಿ ಸಪ್ಟೆಂಬರ 5ರಂದು ಆಫ್ರಿಕೆಯ ಪೂರ್ವ ತೀರದ ಜಾಂಜಿಬಾರ ದ್ವೀಪದಲ್ಲಿ ಜನಿಸಿದನು. ತಂದೆ ಬೋಮಿ, ತಾಯಿ ಜೆರ್. ಗುಜರಾತದ ಬಲ್ಸಾರ ಊರಿನ ಮೂಲದ ಪಾರ್ಸಿ ಮನೆತನ ಅವರದು. ತಂದೆಗೆ ಬ್ರಿಟಿಷ್ ಸರಕಾರದ ಕಚೇರಿಯಲ್ಲಿ ಖಜಾಂಚಿಯ ಕೆಲಸ. ಮಗನಿಗೆ ಒಳ್ಳೆಯ ವಿದ್ಯೆ ದೊರೆಯಲೆಂದು ಎಂಟನೆಯ ವಯಸ್ಸಿನಲ್ಲಿಯೇ ಅವನನ್ನು ಹಡಗು ಹತ್ತಿಸಿ, ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯ ವಸತಿಗೃಹಕ್ಕೆ ಕಳುಹಿಸಿದರು. ಎಂಟು ವರ್ಷದ ಮಗು! ಪಾಲಕರು ಒಂದು ಕ್ಷಣ ಯೋಚಿಸಿ ನೋಡಬೇಕು. ತಂದೆತಾಯಿ ಕಡಲಾಚೆ, ರಜೆ ಬಂದರೆ ಹೆಚ್ಚಾಗಿ ಮುಂಬಯಿಯ ಬಂಧುಗಳ ಮನೆ.

ಹುಡುಗ ನಾಚಿಕೆಯ ಸ್ವಭಾವದವನು. ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಬೆಳೆದು ಮುಂದಿನ ಹಲ್ಲುಗಳು ಉಬ್ಬಿದ್ದವು. ಅದಕ್ಕೆ ಹುಡುಗರು ಅಡ್ಡಹೆಸರಿಟ್ಟು ಕಾಡಿದರು. ಮುಂದೆ ಸಿರಿವಂತನಾದ ಮೇಲೂ ಅವನು ಆ ಹಲ್ಲು ಕೀಳಿಸಲಿಲ್ಲ, ಕೀಳಿಸಿದರೆ ಕಂಠ ಕೆಟ್ಟೀತೆಂದು ಅಂಜಿದನು. ಟೇಬಲ್ ಟೆನಿಸ್ ಆಟದಲ್ಲಿ ಚುರುಕು. ಆದರೆ ಅವನ ನಿಜವಾದ ಗುಣವನ್ನು ಕಂಡವರು ಶಾಲೆಯ ಹಿರಿಯರು. ಈ ಹುಡುಗನಿಗೆ ಸಂಗೀತ ಒಲಿದಿದೆ, ಪ್ರತ್ಯೇಕ ಪಾಠ ಹೇಳಿಸಿರಿ ಎಂದು ಮನೆಗೆ ಬರೆದು ತಿಳಿಸಿದರು. ತಂದೆತಾಯಿ ಒಪ್ಪಿ ಹೆಚ್ಚಿನ ಶುಲ್ಕ ತೆತ್ತರು. ರೇಡಿಯೋದಲ್ಲಿ ಒಂದು ಹಾಡು ಒಮ್ಮೆ ಕೇಳಿದರೆ ಸಾಕು, ಪಿಯಾನೊದ ಮುಂದೆ ಕುಳಿತು ಅದನ್ನು ನುಡಿಸಿಬಿಡುತ್ತಿದ್ದನೆಂದು ಸಹಪಾಠಿಗಳು ನೆನೆದಿದ್ದಾರೆ. ಐವರು ಹುಡುಗರು ಕೂಡಿ 'ಹೆಕ್ಟಿಕ್ಸ್' ಎಂಬ ಮೇಳ ಕಟ್ಟಿದರು. ಫ್ರೆಡ್ಡಿ ಎಂಬ ಹೆಸರು ಹತ್ತಿದ್ದೂ ಪಂಚಗಣಿಯಲ್ಲಿಯೇ.

1963ರಲ್ಲಿ ಅವನು ಜಾಂಜಿಬಾರಕ್ಕೆ ಮರಳಿದನು. ಮರುವರ್ಷ ಜನವರಿಯಲ್ಲಿ ಅಲ್ಲಿ ಕ್ರಾಂತಿಯಾಯಿತು, ರಕ್ತ ಹರಿಯಿತು. ಬಲ್ಸಾರಾ ಕುಟುಂಬ ಮನೆಮಾರು ಬಿಟ್ಟು ಇಂಗ್ಲಂಡಿಗೆ ಓಡಿತು. ಹದಿನೇಳರ ತರುಣ ಮೂರನೆಯ ದೇಶದಲ್ಲಿ ಮತ್ತೆ ಹೊಸಬನಾದನು. ಚಿತ್ರಕಲೆಯ ಕಾಲೇಜು ಸೇರಿ 1969ರಲ್ಲಿ ಡಿಪ್ಲೊಮಾ ಪಡೆದನು. ಸಂತೆಯ ಅಂಗಡಿಯಲ್ಲಿ ಹಳೆಯ ಬಟ್ಟೆ ಮಾರಿದನು. ಖಗೋಳಶಾಸ್ತ್ರ ಓದುತ್ತಿದ್ದ ಬ್ರಾಯನ್ ಮೇ ಗಿಟಾರಿಗೆ, ರೋಜರ್ ಟೇಲರ್ ಡ್ರಮ್ಮಿಗೆ. 1970ರಲ್ಲಿ 'ಕ್ವೀನ್' ತಂಡ ಹುಟ್ಟಿತು. ಮರುವರ್ಷ ಜಾನ್ ಡೀಕನ್ ಬಂದು ನಾಲ್ವರಾದರು. ತಂಡದ ಲಾಂಛನವನ್ನು ಬರೆದವನು ಫ್ರೆಡ್ಡಿಯೇ.

ಈಗ ಮುಖ್ಯ ಸಂಗತಿಗೆ ಬರೋಣ. 1975ರ ಹೊತ್ತಿಗೆ ಅವರ ಮೂರು ಧ್ವನಿಮುದ್ರಿಕೆಗಳು ಹೊರಬಂದಿದ್ದವು, ಹೆಸರೂ ಬಂದಿತ್ತು. ಕೈಯಲ್ಲಿ ಮಾತ್ರ ಕಾಸಿರಲಿಲ್ಲ. ಹಳೆಯ ಒಪ್ಪಂದ ಬಿಡಿಸಿಕೊಳ್ಳುವುದರಲ್ಲಿ ಸಾಲವೇ ಮೇಲಾಯಿತು. ಮುಂದಿನ ತಟ್ಟೆ ಸೋತರೆ ತಂಡವೂ ಮುಗಿದಂತೆಯೇ. ಅಂಥ ವೇಳೆಯಲ್ಲಿ ಮನುಷ್ಯ ಸಾಮಾನ್ಯವಾಗಿ ಹಿಂದೆ ನಡೆದ ದಾರಿಯಲ್ಲಿಯೇ ನಡೆಯುತ್ತಾನೆ. ಇವರು ಹಾಗೆ ಮಾಡಲಿಲ್ಲ. 'ಎ ನೈಟ್ ಅಟ್ ದಿ ಆಪೆರಾ' ಎಂಬ ಹನ್ನೆರಡು ಹಾಡುಗಳ ಧ್ವನಿಮುದ್ರಿಕೆಗೆ ಕೈಯಿಕ್ಕಿದರು. ರಾಕ್ ಸಂಗೀತವೆಂದರೆ ಗದ್ದಲವೆಂದು ತಿಳಿದವರು ಇದನ್ನು ಕೇಳಬೇಕು. ಒಂದರಲ್ಲಿ ಹಾರ್ಪ್ ಎಂಬ ತಂತಿವಾದ್ಯ, ಇನ್ನೊಂದರಲ್ಲಿ ಜನಪದದ ಧಾಟಿ, ಮತ್ತೊಂದರಲ್ಲಿ ಹಳೆಯ ನಾಟಕಶಾಲೆಯ ತಮಾಷೆ.

ಅದರ ಹನ್ನೊಂದನೆಯ ಹಾಡು 'ಬೊಹೀಮಿಯನ್ ರ‍್ಯಾಪ್ಸೊಡಿ', ಫ್ರೆಡ್ಡಿಯ ರಚನೆ. ಮೊದಲು ಪಿಯಾನೊದೊಡನೆ ಮೆಲುದನಿಯ ಶೋಕ, ನಡುವೆ ಆಪೆರಾದ ಮೇಳಗಾಯನ, ಆಮೇಲೆ ಗಿಟಾರಿನ ಆರ್ಭಟ, ಕೊನೆಗೆ ಮತ್ತೆ ಮೌನದ ಕಡೆಗೆ. ನಡುವಿನ ಭಾಗ ಕೇಳಿದರೆ ನೂರಾರು ಜನ ಹಾಡಿದಂತಿದೆ, ಹಾಡಿದವರು ಮೂವರೇ. ತಮ್ಮ ದನಿಯನ್ನು ಟೇಪಿನ ಮೇಲೆ ಪದರು ಪದರಾಗಿ ಮತ್ತೆ ಮತ್ತೆ ಮುದ್ರಿಸಿ, ಆ ಪದರುಗಳನ್ನು ಕೂಡಿಸಿ, ಅದರ ಮೇಲೆ ಮತ್ತೆ ಹಾಡಿದರು. ಈ ಒಂದು ಭಾಗಕ್ಕೇ ಮೂರು ವಾರ ಹಿಡಿಯಿತು. ಟೇಪು ಸವೆದು, ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ತೆಳುವಾಯಿತಂತೆ. ಅಭ್ಯಾಸ ಎರಡು ಸಲ ಮಾಡಿ ಮೂರನೆಯದಕ್ಕೆ ಬೇಸರ ಪಡುವ ಹುಡುಗರು ನಮ್ಮಲ್ಲಿದ್ದಾರೆ, ಹೆಸರು ಹೇಳುವುದಿಲ್ಲ!

ಹಾಡಿನ ಅವಧಿ 5 ನಿಮಿಷ 55 ಸೆಕೆಂಡು. ಇಷ್ಟುದ್ದದ್ದನ್ನು ರೇಡಿಯೋದವರು ಹಾಕುವುದಿಲ್ಲ, ಕತ್ತರಿಸಿರಿ ಎಂದು ತಿಳಿದವರು ಹೇಳಿದರು. ತಂಡ ಒಪ್ಪಲಿಲ್ಲ. ಲಂಡನ್ನಿನ ರೇಡಿಯೋ ನಿರೂಪಕ ಕೆನಿ ಎವರೆಟ್ ವಾರದ ಕೊನೆಯ ಎರಡು ದಿನಗಳಲ್ಲಿ ಅದನ್ನು 14 ಸಲ ಕೇಳಿಸಿದನು. ಹಾಡು ಬ್ರಿಟನ್ನಿನಲ್ಲಿ 9 ವಾರ ಮೊದಲನೆಯ ಸ್ಥಾನದಲ್ಲಿ ನಿಂತಿತು. ನವ್ಹೆಂಬರದಲ್ಲಿ ಧ್ವನಿಮುದ್ರಿಕೆ ಹೊರಬಂದಿತು, ಸಾಲ ಹರಿಯಿತು.

ನಾನು ಡಿ.ಎಡ್. ಓದುವಾಗ ಮರಾಠಿ ಗೆಳೆಯನೊಬ್ಬನ ಖೋಲಿಯಲ್ಲಿ ಇದರ ಕ್ಯಾಸೆಟ್ಟನ್ನು ಮೊದಲ ಸಲ ಕೇಳಿದೆ. ಅರ್ಧ ಮಾತು ತಿಳಿಯಲಿಲ್ಲ. ಆದರೂ ಆ ರಾತ್ರಿ ಎರಡೂ ಬದಿಗಳನ್ನು ತಿರುವಿ ತಿರುವಿ ಹಾಕಿದೆವು. ಇಂದಿಗೂ ವಹಿ ತಿದ್ದಿ ದಣಿದ ದಿನ ಅದನ್ನೇ ಹಚ್ಚುತ್ತೇನೆ. ಮನೆಯವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಭಾಷೆ ತಿಳಿಯದವರೂ ಮನಸೋತದ್ದಕ್ಕೆ ನಾನೊಬ್ಬನೇ ಸಾಕ್ಷಿಯಲ್ಲ. ಇದೇ ತಟ್ಟೆಯ 'ಲವ್ ಆಫ್ ಮೈ ಲೈಫ್' ಹಾಡನ್ನು 1985ರಲ್ಲಿ ಬ್ರೆಜಿಲಿನ ರಿಯೋ ನಗರದಲ್ಲಿ ಆರಂಭಿಸಿದಾಗ, ಪೋರ್ತುಗೀಜ್ ಮಾತೃಭಾಷೆಯ ಜನಸಾಗರವೇ ಇಂಗ್ಲಿಷಿನಲ್ಲಿ ಹಾಡತೊಡಗಿತು. ಫ್ರೆಡ್ಡಿ ಹಾಡು ನಿಲ್ಲಿಸಿ ಕೇಳುತ್ತ ನಿಂತನು.

ಅದೇ ವರ್ಷ ಜುಲೈ 13ರಂದು, ಇಥಿಯೋಪಿಯದ ಬರಗಾಲದ ನೆರವಿಗೆ ಲಂಡನ್ನಿನಲ್ಲಿ ನಡೆದ ಸಂಗೀತ ಸಭೆಯಲ್ಲಿಯೂ ಅವನು ಇಪ್ಪತ್ತು ನಿಮಿಷಗಳಲ್ಲಿ ಜನರನ್ನು ಗೆದ್ದನು. ಆದರೆ ಪಂಚಗಣಿಯ ವಿಷಯ, ಬಾಲ್ಯದ ವಿಷಯ ಅವನು ಹೊರಗೆ ಮಾತನಾಡಿದ್ದು ತೀರ ಕಡಿಮೆ. ಇದು ನನಗೆ ಕೊರತೆಯಾಗಿಯೇ ಕಾಣುತ್ತದೆ. ಆದರೂ ಎಂಟರಲ್ಲಿ ಒಂದು ಮನೆ, ಹದಿನೇಳರಲ್ಲಿ ಮತ್ತೊಂದು ಮನೆ ಬಿಟ್ಟವನನ್ನು ದೂರುವ ಧೈರ್ಯ ನನಗಿಲ್ಲ.

1987ರಲ್ಲಿ ಅವನಿಗೆ ಏಡ್ಸ್ ರೋಗವಿರುವುದು ತಿಳಿಯಿತು. ಆಗ ಅದಕ್ಕೆ ತಕ್ಕ ಔಷಧವಿರಲಿಲ್ಲ. ರೋಗಿಯನ್ನು ಜನ ಹತ್ತಿರ ಸೇರಿಸುತ್ತಿರಲಿಲ್ಲ. ಅವನು ನಿಲ್ಲಲಾಗದ ಸ್ಥಿತಿಯಲ್ಲಿಯೂ ಹಾಡುಗಳನ್ನು ಮುದ್ರಿಸಿದನು. 1991ರ ನವ್ಹೆಂಬರ 23ರಂದು ರೋಗದ ಸಂಗತಿಯನ್ನು ಬಹಿರಂಗವಾಗಿ ತಿಳಿಸಿ, ಮರುದಿನ ತೀರಿಕೊಂಡನು. ವಯಸ್ಸು 45. ಅಂತ್ಯಕ್ರಿಯೆಯನ್ನು ಪಾರ್ಸಿ ಪುರೋಹಿತರು ನಡೆಸಿಕೊಟ್ಟರು.

ಆ ಡಿಸೆಂಬರದಲ್ಲಿ ಹದಿನಾರು ವರ್ಷದ ಹಳೆಯ 'ಬೊಹೀಮಿಯನ್ ರ‍್ಯಾಪ್ಸೊಡಿ'ಯನ್ನು ಮತ್ತೆ ಹೊರತಂದರು. ಅದು ಮತ್ತೆ ಮೊದಲನೆಯ ಸ್ಥಾನಕ್ಕೇರಿ 5 ವಾರ ನಿಂತಿತು; ಅದರಿಂದ ಬಂದ ಹಣ ಏಡ್ಸ್ ರೋಗಿಗಳ ನೆರವಿಗೆ ಸಂದಿತು. ಎಂಟು ವರ್ಷದ ಮಗನನ್ನು ಹಡಗು ಹತ್ತಿಸಿ ಕಳುಹಿಸಿದ ತಾಯಿ ಜೆರ್ ಆಗ ಇದ್ದರು. ಮಗ ಹೋದ ಮೇಲೆ 25 ವರ್ಷ ಆ ಹಾಡುಗಳನ್ನು ಕೇಳುವ ಲೋಕದಲ್ಲಿ ಬಾಳಿ, 2016ರಲ್ಲಿ ತೀರಿಕೊಂಡರು.