ಮದರಾಸಿನ ಸೂರ್ಯವೀಕ್ಷಕ ಚಾರ್ಲ್ಸ್ ಮಿಚಿ ಸ್ಮಿತ್

ನುಂಗಂಬಾಕ್ಕಂನ ಹವಾಮಾನ ಕೇಂದ್ರದ ಆವರಣದಲ್ಲಿ 1792ರ ಕಲ್ಲುಕಂಬವೊಂದು ಇಂದಿಗೂ ನಿಂತಿದೆ. ಹಳೆಯ ಮದರಾಸು ಖಗೋಳ ವೀಕ್ಷಣಾಲಯದ ಉಪಕರಣಕ್ಕೆ ಆಧಾರವಾಗಿದ್ದ ಕಂಬವದು. ಚೆನ್ನೈ ನಿವಾಸಿಗಳಾದ ನಾವು ಅದರ ಪಕ್ಕದಲ್ಲೇ ಓಡಾಡಿದರೂ ಆ ವೀಕ್ಷಣಾಲಯವನ್ನು ಬೆಟ್ಟಕ್ಕೆ ಕೊಂಡೊಯ್ದ ಚಾರ್ಲ್ಸ್ ಮಿಚಿ ಸ್ಮಿತ್ ಅವರನ್ನು ನೆನೆಯುವುದು ವಿರಳ.

1854ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಮಿಚಿ ಸ್ಮಿತ್, 1877ರಲ್ಲಿ ಮದರಾಸು ಕ್ರಿಶ್ಚಿಯನ್ ಕಾಲೇಜಿಗೆ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. (ಕಾಲೇಜು ಆಗಿನ್ನೂ ತಾಂಬರಂಗೆ ಹೋಗಿರಲಿಲ್ಲ.) ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ಕರೆದ ಮಹಾಕ್ಷಾಮದ ಕಾಲವದು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಅಸುನೀಗಿದರು. ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚಿ ಕುಗ್ಗುವ ಸೂರ್ಯನ ಕಲೆಗಳಿಗೂ ಮುಂಗಾರಿನ ವೈಫಲ್ಯಕ್ಕೂ ನಂಟಿದೆಯೆಂಬ ವಾದ ಅದೇ ವರ್ಷ ಬಲವಾಯಿತು. ಸೂರ್ಯನನ್ನು ನಿತ್ಯವೂ ವೀಕ್ಷಿಸಿದರೆ ಬರವನ್ನು ಮೊದಲೇ ಅರಿಯಬಹುದೆಂಬ ಆಸೆ ಸರ್ಕಾರಕ್ಕೂ ಹುಟ್ಟಿತು.

1883ರ ಸೆಪ್ಟೆಂಬರಿನಲ್ಲಿ ಮದರಾಸಿನ ಜನ ಬೆರಗಾಗುವಂತೆ ಸೂರ್ಯ ಉದಯಾಸ್ತಗಳಲ್ಲಿ ಹಸಿರಾಗಿ ಕಂಡನು. ಜನರು ಭೀತರಾಗಿದ್ದರೆ ಆಶ್ಚರ್ಯವಿಲ್ಲ. ಮಿಚಿ ಸ್ಮಿತ್ ಮಾತ್ರ ರೋಹಿತದರ್ಶಕವನ್ನು ಆ ಬೆಳಕಿಗೆ ಹಿಡಿದು, ಕೆಂಪು ಭಾಗ ಎಷ್ಟು ಮಂಕಾಗಿದೆಯೆಂದು ದಿನದಿನವೂ ಬರೆದಿಟ್ಟರು. ಬದಲಾವಣೆ ಆಗಿದ್ದುದು ಸೂರ್ಯನಲ್ಲಲ್ಲ, ನಮ್ಮ ವಾತಾವರಣದಲ್ಲಿ. ಆಗಸ್ಟಿನಲ್ಲಿ ಸಿಡಿದ ಕ್ರಕಟೋವಾ ಜ್ವಾಲಾಮುಖಿಯ ಧೂಳೇ ಅದಕ್ಕೆ ಕಾರಣವೆಂಬುದು ಮುಂದೆ ಸ್ಥಿರವಾಯಿತು.

ಮದರಾಸಿನ ಮಬ್ಬು ಆಕಾಶ ಸೂರ್ಯವೀಕ್ಷಣೆಗೆ ಒಗ್ಗದು. ಆದ್ದರಿಂದ ಅವರು ನೀಲಗಿರಿ, ಪಳನಿ ಬೆಟ್ಟಗಳನ್ನು ಸುತ್ತಿ ಆಕಾಶದ ನಿರ್ಮಲತೆಯನ್ನು ಪರೀಕ್ಷಿಸಿದರು. 1891ರಲ್ಲಿ ಪಾಗ್ಸನ್ ನಿಧನರಾದಾಗ ವೀಕ್ಷಣಾಲಯದ ಹೊಣೆ ಇವರಿಗೆ ಬಂತು. 1895ರಲ್ಲಿ ಕೊಡೈಕೆನಾಲ್‌ನಲ್ಲಿ ಶಂಕುಸ್ಥಾಪನೆಯಾಯಿತು. 1899ರಲ್ಲಿ ಖಗೋಳಕಾರ್ಯವೆಲ್ಲ ಬೆಟ್ಟವೇರಿತು. ಅವರ ನಿರ್ದೇಶನದ ಕಾಲದಲ್ಲೇ, 1909ರಲ್ಲಿ, ಸಹೋದ್ಯೋಗಿ ಎವರ್‌ಶೆಡ್ ಸೌರಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. 1911ರಲ್ಲಿ ನಿವೃತ್ತರಾದ ಮಿಚಿ ಸ್ಮಿತ್ ತಾಯ್ನಾಡಿಗೆ ಹಿಂದಿರುಗದೆ ಕೊಡೈಕೆನಾಲ್‌ನಲ್ಲೇ ಉಳಿದು 1922ರಲ್ಲಿ ಕಾಲವಾದರು.

ಕಲೆಗಳನ್ನು ನೋಡಿ ಮಳೆ ಹೇಳುವ ಆಸೆ ಮಾತ್ರ ಕೈಗೂಡಲಿಲ್ಲ. ಆದರೆ ಆ ಆಸೆಯಿಂದ ಆರಂಭವಾದ ದೈನಂದಿನ ಸೂರ್ಯಚಿತ್ರಗಳು ಶತಮಾನಕ್ಕೂ ಮೀರಿ ಸಂಗ್ರಹವಾದವು. ಸೌರಸ್ಫೋಟಗಳು ಉಪಗ್ರಹಗಳನ್ನೂ ವಿದ್ಯುತ್ ಜಾಲಗಳನ್ನೂ ಕೆಡಿಸಬಲ್ಲ ಈ ಕಾಲದಲ್ಲಿ, ಹಿಂದಿನ ಸೌರಚಕ್ರಗಳನ್ನು ಅರಿಯಲು ವಿಜ್ಞಾನಿಗಳು ತೆರೆಯುವುದು ಇವೇ ಗಾಜಿನ ಫಲಕಗಳ ಗಣಕ ಪ್ರತಿಗಳನ್ನು. ಆ ವೀಕ್ಷಣಾಲಯವಿಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ತಾರಾಭೌತ ಸಂಸ್ಥೆಯ ಅಂಗ. 2023ರ ಸೆಪ್ಟೆಂಬರ್ 2ರಂದು ನಮ್ಮ ನಗರದ ಉತ್ತರಕ್ಕಿರುವ ಶ್ರೀಹರಿಕೋಟಾದಿಂದ ಹೊರಟ ಆದಿತ್ಯ-ಎಲ್1 ನೌಕೆಯಲ್ಲಿ, ಸೂರ್ಯನ ಪ್ರಭಾವಲಯವನ್ನು ನೋಡುವ ದೂರದರ್ಶಕವನ್ನು ನಿರ್ಮಿಸಿದ್ದೂ ಅದೇ ಸಂಸ್ಥೆ.