ಕೂಟ್ ಮುತ್ತಿಗೆಯ ಸೇನಾನಿ ಜನರಲ್ ಟೌನ್‌ಷೆಂಡ್

ಬೆಳಗಾವಿಯಲ್ಲಿ ಕೇಂದ್ರ ಸ್ಥಾನ ಹೊಂದಿರುವ ಮರಾಠಾ ಲಘು ಪದಾತಿ ದಳದ ಇತಿಹಾಸದಲ್ಲಿ ಕೂಟ್ ಅಲ್ ಅಮಾರಾ ಎಂಬ ಊರಿಗೆ ಕಹಿಯಾದ ಸ್ಥಾನವಿದೆ. ಇಂದಿನ ಇರಾಕಿನಲ್ಲಿ, ಟೈಗ್ರಿಸ್ ನದಿಯ ತಿರುವಿನೊಳಗಿರುವ ಈ ಪಟ್ಟಣದಲ್ಲಿ 1915ರ ಡಿಸೆಂಬರ್‌ನಿಂದ 1916ರ ಏಪ್ರಿಲ್‌ವರೆಗೆ ಮೂರು ಮರಾಠಾ ಪಲ್ಟಣಗಳು ತುರ್ಕರ ಮುತ್ತಿಗೆಗೆ ಸಿಲುಕಿದವು. ಅವುಗಳ ಸಂಖ್ಯೆ 103, 110 ಮತ್ತು 117. ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ, ಅಥಣಿ, ಕಾಗವಾಡದ ಸೀಮೆ ಹಾಗೂ ಅದಕ್ಕೆ ಹೊಂದಿಕೊಂಡ ಕೊಲ್ಲಾಪುರ ಪ್ರಾಂತ ಇಂಥ ಪಲ್ಟಣಗಳಿಗೆ ತಲೆಮಾರುಗಳಿಂದ ಆಳು ಕೊಟ್ಟ ನಾಡು. ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನದ ಭಾಗವಾಗಿತ್ತು. ಅರಸರಾಗಿದ್ದ ಶಾಹು ಮಹಾರಾಜರು ಸೈನ್ಯ ಭರ್ತಿಗೆ ಒತ್ತಾಸೆಯಾಗಿ ನಿಂತಿದ್ದರು. ಕಾಗವಾಡಕ್ಕೆ ದೂರವಲ್ಲದ ಶಿರೋಳ ತಾಲ್ಲೂಕಿನ ಟಾಕಳಿ ಗ್ರಾಮಕ್ಕೆ ಸೈನಿಕ ಟಾಕಳಿ ಎಂಬ ಹೆಸರೇ ನಿಂತಿದೆ. ಕೂಟ್‌ನಲ್ಲಿ ಆ ಪಲ್ಟಣಗಳ ಅಳಿವು ಉಳಿವು ಒಬ್ಬ ವ್ಯಕ್ತಿಯ ಕೈಯಲ್ಲಿತ್ತು. ಆತನೇ ಮೇಜರ್ ಜನರಲ್ ಚಾರ್ಲ್ಸ್ ಟೌನ್‌ಷೆಂಡ್.

1861ರ ಫೆಬ್ರುವರಿ 21ರಂದು ಜನಿಸಿದ ಟೌನ್‌ಷೆಂಡ್ ಇಂಗ್ಲೆಂಡಿನ ಹೆಸರಾಂತ ಶ್ರೀಮಂತ ಮನೆತನಕ್ಕೆ ಸೇರಿದವನು. ಮನೆತನದ ಹೆಸರು ದೊಡ್ಡದಿದ್ದರೂ ಕೈಯಲ್ಲಿ ಹಣವಿರಲಿಲ್ಲ. ನೌಕಾಪಡೆಯ ಕಾಲಾಳು ದಳದಲ್ಲಿ ಅಧಿಕಾರಿಯಾಗಿ ಸೇರಿ, ಬಳಿಕ ಭಾರತೀಯ ಸೇನೆಗೆ ಬಂದ. ಫ್ರೆಂಚ್ ಭಾಷೆ, ನಾಟಕ, ಸಂಗೀತದಲ್ಲಿ ಆಸಕ್ತಿಯುಳ್ಳ ರಸಿಕ. ನೆಪೋಲಿಯನ್ನನ ಯುದ್ಧಗಳನ್ನು ಶ್ರದ್ಧೆಯಿಂದ ಓದಿದವನು. ಬಡ್ತಿಗಾಗಿ ಮೇಲಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆಯುವುದು ಅವನ ಜೀವಮಾನದ ಚಾಳಿ.

1895ರಲ್ಲಿ ವಾಯವ್ಯ ಗಡಿಯ ಚಿತ್ರಾಲ್ ಕೋಟೆಯಲ್ಲಿ ಅವನಿಗೆ ಕೀರ್ತಿ ಒಲಿಯಿತು. ಕ್ಯಾಪ್ಟನ್ ದರ್ಜೆಯಲ್ಲಿದ್ದ ಅವನು 46 ದಿನಗಳ ಮುತ್ತಿಗೆಯನ್ನು ತಾಳಿಕೊಂಡು, ನೆರವಿನ ಪಡೆ ಬರುವವರೆಗೆ ಕೋಟೆಯನ್ನು ಉಳಿಸಿಕೊಂಡ. ಮುಂದೆ ಸುಡಾನಿನ ಒಮ್ದುರ್ಮಾನ್ ಯುದ್ಧದಲ್ಲೂ ಪಾಲ್ಗೊಂಡ. ಆದರೆ ಕೋಟೆಯೊಳಗೆ ಗಟ್ಟಿಯಾಗಿ ಕುಳಿತರೆ ಯಾರಾದರೂ ಬಂದು ಬಿಡಿಸುತ್ತಾರೆ ಎಂಬ ನಂಬಿಕೆ ಚಿತ್ರಾಲ್‌ನಿಂದಲೇ ಅವನ ಮನಸ್ಸಿನಲ್ಲಿ ಬೇರೂರಿರಬೇಕು.

1915ರ ಏಪ್ರಿಲ್‌ನಲ್ಲಿ ಟೌನ್‌ಷೆಂಡ್ ಮೆಸೊಪೊಟೇಮಿಯಾದಲ್ಲಿದ್ದ 6ನೇ ಪುಣೆ ಡಿವಿಜನ್ನಿನ ಮುಖ್ಯಸ್ಥನಾದ. ಮೊದಲ ತಿಂಗಳುಗಳು ಗೆಲುವಿನ ತಿಂಗಳುಗಳು. ಜೂನ್ 3ರಂದು ಬೆರಳೆಣಿಕೆಯ ಸೈನಿಕರೊಂದಿಗೆ ದೋಣಿಯಲ್ಲಿ ನುಗ್ಗಿ ಅಮಾರಾ ಪಟ್ಟಣವನ್ನು ವಶಪಡಿಸಿಕೊಂಡ. ಸೆಪ್ಟೆಂಬರ್ ಕೊನೆಯಲ್ಲಿ ಕೂಟ್ ಅವನದಾಯಿತು. ಅಲ್ಲಿಗೇ ನಿಲ್ಲಬೇಕೆಂದು ಅವನಿಗೂ ಅನಿಸಿತ್ತು. ಆದರೆ ಮೇಲಧಿಕಾರಿ ಜನರಲ್ ನಿಕ್ಸನ್‌ಗೆ ಬಾಗ್ದಾದ್ ಬೇಕಿತ್ತು. ನವೆಂಬರ್ 22ರಂದು ಕ್ಟೆಸಿಫೋನ್ ಬಳಿ ನಡೆದ ಕದನದಲ್ಲಿ 4,000ಕ್ಕೂ ಹೆಚ್ಚು ಮಂದಿ ಸತ್ತು ಇಲ್ಲವೇ ಗಾಯಗೊಂಡ ಮೇಲೆ ಸೇನೆ ಹಿಮ್ಮೆಟ್ಟಿ, ಡಿಸೆಂಬರ್ 3ರಂದು ಬಸವಳಿದು ಕೂಟ್ ಸೇರಿತು. ನಾಲ್ಕೇ ದಿನಗಳಲ್ಲಿ ಮುತ್ತಿಗೆ ಬಿಗಿಯಾಯಿತು.

ಕೂಟ್‌ನಲ್ಲಿ ನಡೆದದ್ದು ಬಯಲಿನ ಕಾಳಗವಲ್ಲ, ಕಂದಕದ ಕಾಳಗ. ತುರ್ಕರು ರಾತ್ರೋರಾತ್ರಿ ನೆಲ ಅಗೆಯುತ್ತ ಕಂದಕಗಳನ್ನು ಹತ್ತಿರ ತಂದರು. ಎದುರಾಳಿ ಮಣ್ಣಿನೊಳಗೆ ಇಳಿದು ಕುಳಿತರೆ ನೇರ ಗುರಿಯಿಟ್ಟು ಹಾರಿಸುವ ಬಂದೂಕು, ಫಿರಂಗಿಗಳಿಗೆ ಹೆಚ್ಚು ಕೆಲಸವಿರುವುದಿಲ್ಲ. ಗುಂಡು ತಲೆಯ ಮೇಲೆ ಹಾದುಹೋಗುತ್ತದೆ, ಇಲ್ಲವೇ ಮಣ್ಣಿನ ದಿಬ್ಬಕ್ಕೆ ಬಡಿಯುತ್ತದೆ. ಅಲ್ಲಿ ಬೇಕಾದದ್ದು ಮಾರ್ಟರ್. ಗಿಡ್ಡ ಕೊಳವೆಯನ್ನು ಆಕಾಶದತ್ತ ಓರೆಯಾಗಿ ನಿಲ್ಲಿಸಿ ಹಾರಿಸಿದ ಬಾಂಬು ಮೇಲೇರಿ, ಹೆಚ್ಚುಕಡಿಮೆ ನೆಟ್ಟಗೆ ಕಂದಕದೊಳಗೇ ಬೀಳುತ್ತದೆ. ಜರ್ಮನರು ಯುದ್ಧಕ್ಕೆ ಮುಂಚೆಯೇ ಇದನ್ನು ಸಿದ್ಧಪಡಿಸಿಟ್ಟಿದ್ದರು, ಬ್ರಿಟಿಷರು ಮರೆತಿದ್ದರು. 1914ರ ಚಳಿಗಾಲದಲ್ಲಿ ಫ್ರಾನ್ಸಿನ ಕಂದಕಗಳಲ್ಲಿದ್ದ ಭಾರತೀಯ ಸೇನೆಯ ಸ್ಯಾಪರ್‌ಗಳು ಕೈಗೆ ಸಿಕ್ಕ ಸಾಮಗ್ರಿಯಿಂದಲೇ ಮಾರ್ಟರ್ ಮಾಡಿಕೊಳ್ಳಬೇಕಾಯಿತು. ಕ್ರೇನ್ ತಯಾರಿಸುವ ಕಂಪೆನಿಯೊಂದರ ಎಂಜಿನಿಯರ್ ವಿಲ್ಫ್ರೆಡ್ ಸ್ಟೋಕ್ಸ್ 1915ರಲ್ಲಿ ರೂಪಿಸಿದ 3 ಇಂಚಿನ ಮಾರ್ಟರ್ ಈ ಕೊರತೆಯನ್ನು ನೀಗಿತು. ಬಾಂಬನ್ನು ಕೊಳವೆಯ ಬಾಯಿಂದ ಒಳಗೆ ಬಿಟ್ಟರಾಯಿತು. ತಳದ ಮೊಳೆಗೆ ತಾಗಿ ತಾನೇ ಹಾರುತ್ತಿತ್ತು. ಇಂದಿನ ಪದಾತಿ ಪಲ್ಟಣಗಳ 81 ಮಿಲಿಮೀಟರ್ ಮಾರ್ಟರ್ ಅದೇ ವಂಶದ್ದು. ಅದು ಕೂಟ್‌ನೊಳಗಿದ್ದವರಿಗೆ ಸಿಗಲಿಲ್ಲ.

ಸ್ಯಾಪರ್‌ಗಳು ಅದಕ್ಕೊಂದು ದಾರಿ ಹುಡುಕಿದರು. ಮುತ್ತಿಗೆಯಲ್ಲಿ ಸಿಲುಕಿ ಹಾರಲಾಗದೆ ಉಳಿದ ವಿಮಾನಗಳಿದ್ದವು. 80 ಅಶ್ವಶಕ್ತಿಯ ನೋಮ್ ಎಂಜಿನಿನ ಸಿಲಿಂಡರನ್ನೇ ಕಳಚಿ ಮಾರ್ಟರಿನ ಕೊಳವೆ ಮಾಡಿಕೊಂಡರು. ಖಾಲಿ ಡಬ್ಬಗಳಲ್ಲಿ ಸಿಡಿಮದ್ದು ತುಂಬಿ ಕೈಬಾಂಬು ಮಾಡಿದರು. ತುರ್ಕರ ಬಳಿಯಾದರೂ ಹೊಸದೇನಿರಲಿಲ್ಲ. ಹಿಂದಿನ ಶತಮಾನದ ಕಂಚಿನ ಮಾರ್ಟರೊಂದು ಅವರ ಕಡೆಯಿಂದ ಗುಡುಗುತ್ತಿತ್ತು.

ಡಿಸೆಂಬರ್ 24ರಂದು ತುರ್ಕರ ಫಿರಂಗಿಗಳು ಈಶಾನ್ಯ ಮೂಲೆಯ ಕೋಟೆಯ ಮಣ್ಣಿನ ಗೋಡೆಯನ್ನು ಒಡೆದವು. ಅಲ್ಲಿ ಕಾವಲಿದ್ದವರಲ್ಲಿ 103ನೇ ಮರಾಠಾ ಪಲ್ಟಣ ಮುಖ್ಯವಾದುದು. ಬಿರುಕಿನಿಂದ ಒಳನುಗ್ಗಿದವರನ್ನು ಕೈಬಾಂಬು, ಬಯೊನೆಟ್ಟುಗಳಿಂದ ಹೊರದಬ್ಬಲಾಯಿತು. ರಾತ್ರಿಯಿಡೀ ಕಾದಾಟ ನಡೆದು, ಕ್ರಿಸ್‌ಮಸ್ ಬೆಳಗಿಗೆ ಕೋಟೆ ಉಳಿದಿತ್ತು. ಆ ಬಳಿಕ ತುರ್ಕರು ಅಂಥ ದಾಳಿಗೆ ಕೈಹಾಕದೆ, ಹಸಿವು ತನ್ನ ಕೆಲಸ ಮಾಡಲೆಂದು ಕಾದು ಕುಳಿತರು.

ಟೌನ್‌ಷೆಂಡ್‌ನ ದೊಡ್ಡ ತಪ್ಪು ಈ ಹಸಿವಿನ ಲೆಕ್ಕದಲ್ಲಿದೆ. ಊರಿನ ಮನೆಗಳಲ್ಲಿ ಅಡಗಿದ್ದ ಧಾನ್ಯವನ್ನು ಮೊದಲೇ ಶೋಧಿಸದೆ, ಪಡಿತರವನ್ನೂ ಬಿಗಿಮಾಡದೆ, ಆಹಾರ ಬೇಗ ಮುಗಿಯುವುದೆಂದು ವರದಿ ಕಳುಹಿಸಿದ. ಆತುರಕ್ಕೆ ಬಿದ್ದ ನೆರವಿನ ಪಡೆ ಪೂರ್ಣ ಸಿದ್ಧತೆಯಿಲ್ಲದೆ ಜನವರಿಯಲ್ಲಿ ಶೇಖ್ ಸಾದ್, ವಾದಿ, ಹನ್ನಾಗಳಲ್ಲಿ ತುರ್ಕರ ಕಂದಕಗಳಿಗೆ ಎದೆಕೊಟ್ಟಿತು. ಹನ್ನಾದ ಸೋಲಿನ ಬಳಿಕ ಶೋಧ ನಡೆಯಿತು, ಧಾನ್ಯ ಸಿಕ್ಕಿತು; ಕುದುರೆಗಳನ್ನೂ ಸೇರಿಸಿ ಇನ್ನೂ 84 ದಿನ ತಾಳಬಹುದೆಂದು ಅವನೇ ತಿಳಿಸಿದ. ಅಷ್ಟರಲ್ಲಿ ಸಾಯಬೇಕಾಗಿರದ ಸಾವಿರಾರು ಮಂದಿ ಕೆಸರಿನಲ್ಲಿ ಬಿದ್ದಿದ್ದರು. ಕೂಟ್ ಬಿಡಿಸುವ ಯತ್ನಗಳಲ್ಲಿ ಒಟ್ಟು ಸುಮಾರು 23,000 ಸಾವುನೋವುಗಳಾದವು.

ಒಳಗಿದ್ದ ಸಿಪಾಯಿಗಳ ಪಾಡು ಬೇರೆಯೇ. ಪಡಿತರ ದಿನದಿನಕ್ಕೂ ಕುಗ್ಗಿತು. ಕುದುರೆ ಮಾಂಸ ತಿನ್ನಲು ಬಹುತೇಕ ಭಾರತೀಯ ಸೈನಿಕರು ಒಪ್ಪಲಿಲ್ಲ. ಊರಿಗೆ ಮರಳಿದರೆ ಜಾತಿಯವರು ಏನೆಂದಾರು ಎಂಬುದು ಅವರ ಪಾಲಿಗೆ ಹುಸಿ ಭಯವಾಗಿರಲಿಲ್ಲ. ಭಾರತದಿಂದ ಧರ್ಮಗುರುಗಳ ಅನುಮತಿ ತರಿಸಲಾಯಿತು. ಹೆಚ್ಚಿನವರು ಒಪ್ಪಿದ್ದು ಏಪ್ರಿಲ್‌ನಲ್ಲಿ, ದೇಹ ಸೋತ ಮೇಲೆ. ವಿಮಾನಗಳಿಂದ ಹಿಟ್ಟಿನ ಚೀಲಗಳನ್ನು ಎಸೆಯಲಾಯಿತಾದರೂ ಅದು ಸಾಲಲಿಲ್ಲ. 147 ದಿನಗಳ ಬಳಿಕ, 1916ರ ಏಪ್ರಿಲ್ 29ರಂದು, ಸುಮಾರು 13,000 ಮಂದಿಯೊಂದಿಗೆ ಟೌನ್‌ಷೆಂಡ್ ಖಲೀಲ್ ಪಾಷಾನಿಗೆ ಶರಣಾದ.

ಆ ನಂತರ ಸೇನಾನಿಯ ದಾರಿ ಒಂದು, ಸೈನಿಕರ ದಾರಿ ಇನ್ನೊಂದು. ಟೌನ್‌ಷೆಂಡ್ ಇಸ್ತಾಂಬುಲ್ ಸಮೀಪದ ದ್ವೀಪದಲ್ಲಿ ಗೌರವಾನ್ವಿತ ಅತಿಥಿಯಂತೆ ಬಾಳಿದ. ಸೆರೆಯಲ್ಲಿದ್ದಾಗಲೇ, 1917ರಲ್ಲಿ, ಅವನಿಗೆ ಸರ್ ಪದವಿ ಬಂತು. ಸಿಪಾಯಿಗಳನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ರೈಲು ಹಳಿಯ ಕೆಲಸಕ್ಕೆ ಹಚ್ಚಲಾಯಿತು. ಬ್ರಿಟಿಷ್ ಸೈನಿಕರಲ್ಲಿ 1,700ಕ್ಕೂ ಹೆಚ್ಚು ಮಂದಿ, ಭಾರತೀಯರಲ್ಲಿ ಸುಮಾರು 2,500 ಮಂದಿ ಸೆರೆಯಲ್ಲೇ ಸತ್ತರು. 1918ರ ಅಕ್ಟೋಬರ್‌ನಲ್ಲಿ ತುರ್ಕರೊಡನೆ ಕದನವಿರಾಮದ ಮಾತುಕತೆಗೆ ಟೌನ್‌ಷೆಂಡ್ ಮಧ್ಯವರ್ತಿಯಾದ. 1920ರಲ್ಲಿ ತನ್ನ ದಂಡಯಾತ್ರೆಯ ಕಥನ ಪ್ರಕಟಿಸಿದ, ಅದೇ ವರ್ಷ ಬ್ರಿಟಿಷ್ ಸಂಸತ್ತಿಗೂ ಆಯ್ಕೆಯಾದ. ಆದರೆ ಸೆರೆಯಾಳುಗಳ ಕಥೆ ಹೊರಬರುತ್ತಿದ್ದಂತೆ ಅವನ ಹೆಸರು ಮಸುಕಾಯಿತು. ಸೇನೆ ಮತ್ತೆ ಹುದ್ದೆ ಕೊಡಲಿಲ್ಲ. 1924ರ ಮೇ 18ರಂದು ಪ್ಯಾರಿಸಿನಲ್ಲಿ ತೀರಿಕೊಂಡ.

ಅದಕ್ಕೆ ಎರಡು ವರ್ಷ ಮುಂಚೆ, 1922ರಲ್ಲಿ, ಮರಾಠಾ ಪಲ್ಟಣಗಳನ್ನು ಒಂದೇ ದಳವಾಗಿ ಕೂಡಿಸಿ ಬೆಳಗಾವಿಯಲ್ಲಿ ತರಬೇತಿ ಕೇಂದ್ರ ಸ್ಥಾಪಿಸಲಾಗಿತ್ತು. ಟೌನ್‌ಷೆಂಡ್‌ನ ಸಮಾಧಿ ನಾರ್ಫೋಕಿನ ಈಸ್ಟ್ ರೇನಮ್‌ನಲ್ಲಿದೆ. ಮೆಸೊಪೊಟೇಮಿಯಾದಲ್ಲಿ ಮಡಿದು ಸಮಾಧಿಯೂ ದೊರಕದವರಿಗಾಗಿ ಬಸ್ರಾದಲ್ಲಿ ಸ್ಮಾರಕ ಕಟ್ಟಿದಾಗ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಲಾಯಿತು. ಭಾರತೀಯ ಸಿಪಾಯಿಗಳಿಗೆ ಪಲ್ಟಣದ ಹೆಸರು, ಅದರ ಮುಂದೆ ಸತ್ತವರ ಸಂಖ್ಯೆ ಮಾತ್ರ.