ಸಂತ ಜೇಲಿ ಮಾರ್ಟಿನ್: ಒಬ್ಬ ತಾಯಿಯ ಗೆಲುವು

ತಾಯಿ ಯಾವುದನ್ನು ಗೆಲುವೆಂದು ಎಣಿಸುವಳೋ ಮಗಳೂ ಬಹುಮಟ್ಟಿಗೆ ಅದನ್ನೇ ಗೆಲುವೆಂದು ಎಣಿಸುವಳು. ಕಿರುಪುಷ್ಪ ಸಂತ ತೆರೇಸಮ್ಮನವರ ತಾಯಿ ಸಂತ ಜೇಲಿಯವರ ಬಾಳೇ ಇದಕ್ಕೆ ಸಾಕ್ಷಿ.

ಜೇಲಿಯವರು 1831ರ ಡಿಸೆಂಬರ್ 23ರಂದು ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತ್ಯದಲ್ಲಿ ಜನಿಸಿದರು. ಅವರ ತಾಯಿ ದೈವಭಕ್ತೆ, ಆದರೆ ಬಹು ಕಠಿಣ ಸ್ವಭಾವದವರು. ಬಾಲಕಿಗೆ ಆಡಲು ಒಂದು ಬೊಂಬೆಯೂ ದೊರೆಯಲಿಲ್ಲ. ಮುಂದೆ ಧರ್ಮಭಗಿನಿಯಾಗಲು ಬಯಸಿ ಕನ್ಯಾಮಠದ ಬಾಗಿಲು ತಟ್ಟಿದಾಗ ಅಲ್ಲಿಯೂ ಒಪ್ಪಿಗೆ ಸಿಗಲಿಲ್ಲ. ಎದೆಗುಂದದೆ ಅಲಾಂಸೋನ್ ಪಟ್ಟಣದ ಹೆಸರಾಂತ ಲೇಸ್ ಕೆಲಸವನ್ನು ಕಲಿತು ಸ್ವಂತ ಉದ್ಯಮವನ್ನೇ ಕಟ್ಟಿದರು. 1858ರಲ್ಲಿ ಲೂಯಿ ಮಾರ್ಟಿನ್‌ರವರನ್ನು ವಿವಾಹವಾದರು. ಪತ್ನಿಯ ಉದ್ಯಮಕ್ಕೆ ನೆರವಾಗಲು ಲೂಯಿಯವರು 1870ರಲ್ಲಿ ತಮ್ಮ ಗಡಿಯಾರದ ಅಂಗಡಿಯನ್ನೇ ಬಿಟ್ಟುಕೊಟ್ಟರು. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡು, ಐವರು ಹೆಣ್ಣುಮಕ್ಕಳು ಉಳಿದರು.

ವ್ಯಾಪಾರದಲ್ಲಿ ಗೆದ್ದ ಈ ತಾಯಿಗೆ ಮೂರನೆಯ ಮಗಳು ಲಿಯೋನಿಯದೇ ಚಿಂತೆ. ಓದು ಹತ್ತಲಿಲ್ಲ, ಹಟ ಬಿಡಲಿಲ್ಲ. ಶಾಲೆಯಿಂದಲೂ ಹಿಂದಕ್ಕೆ ಕಳುಹಿಸಿದರು. ಮನೆಯ ಕೆಲಸದವಳು ಗುಟ್ಟಾಗಿ ಆ ಹುಡುಗಿಯನ್ನು ಹೆದರಿಸಿ ಹಿಡಿತದಲ್ಲಿಟ್ಟಿದ್ದುದು 1877ರಲ್ಲಿ ಬಯಲಾಯಿತು. ಸ್ತನದ ಕ್ಯಾನ್ಸರಿನಿಂದ ನರಳುತ್ತಿದ್ದ ತಾಯಿ ಅಂದಿನಿಂದ ಮಗಳನ್ನು ಸದಾ ತನ್ನ ಬಳಿಯಲ್ಲೇ ಇರಿಸಿಕೊಂಡರು. ಹಟಮಾರಿ ಮಗಳು ತಾಯಿಯನ್ನು ಬಿಟ್ಟಗಲದವಳಾದಳು. ಆದರೆ ಉಳಿದಿದ್ದುದು ಕೆಲವೇ ತಿಂಗಳು. ಆಗಸ್ಟ್ 28ರಂದು, 45ರ ಪ್ರಾಯದಲ್ಲಿ ಜೇಲಿ ಕಣ್ಮುಚ್ಚಿದರು. ಕಿರಿಯ ಮಗಳು ತೆರೇಸಾಳಿಗೆ ಆಗ ನಾಲ್ಕೂವರೆ ವರ್ಷ.

ತೆರೇಸಾ ಲಿಸಿಯೋ ಕಾರ್ಮೆಲ್ ಮಠದ ಗೋಡೆಗಳೊಳಗೆ, 24ರ ಪ್ರಾಯದಲ್ಲಿ 1897ರಲ್ಲಿ ಮಡಿದರು. ಚಿಕ್ಕ ಕೆಲಸವನ್ನೂ ದೊಡ್ಡ ಪ್ರೀತಿಯಿಂದ ಮಾಡುವುದೇ ಅವರ ಮಾರ್ಗ. 1925ರಲ್ಲಿ ಸಂತಪದವಿಗೇರಿ, 1927ರಲ್ಲಿ ಧರ್ಮಪ್ರಚಾರದ ಪಾಲಕಿಯಾದರು. ಲಿಯೋನಿಯಾದರೋ ಮಠಜೀವನದಲ್ಲಿ ಮೂರು ಬಾರಿ ಸೋತು ಮನೆಗೆ ಮರಳಿ, 1899ರಲ್ಲಿ ನಾಲ್ಕನೆಯ ಬಾರಿ ಕಾನ್ ನಗರದ ಮಠವನ್ನು ಸೇರಿ, ತಂಗಿಯ ಚಿಕ್ಕ ಮಾರ್ಗವನ್ನೇ ಹಿಡಿದು 1941ರವರೆಗೆ ಅಲ್ಲಿಯೇ ಬಾಳಿದರು. ತಾಯ್ತಂದೆಗಳಿಬ್ಬರಿಗೂ 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಸಂತಪದವಿಯನ್ನಿತ್ತರು. ಆ ವರ್ಷವೇ ಲಿಯೋನಿಯವರ ಸಂತಪದವಿಯ ವಿಚಾರಣೆಯೂ ಆರಂಭವಾಯಿತು.

ಪ್ರಿಯ ತಾಯಂದಿರೇ, ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟಕ್ಕೇರಿಸಿದ ಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅವಸರದಿಂದ ಒಡೆದವರಿಗೆ ಕೊಬ್ಬರಿ ದಕ್ಕದು. ಅಂಕಪಟ್ಟಿಯನ್ನೋ ನೆರೆಮನೆಯ ಹುಡುಗಿಯನ್ನೋ ಮುಂದಿಟ್ಟು ಮಗಳನ್ನು ಅಳೆಯುವ ಮುನ್ನ, ಲಿಯೋನಿಯನ್ನು ಕೈಬಿಡದ ಈ ತಾಯಿಯನ್ನು ನೆನೆಯೋಣ. ಸಂತ ಜೇಲಿಯವರೇ, ನಮ್ಮ ಮನೆಗಳಿಗಾಗಿ ಪ್ರಾರ್ಥಿಸಿರಿ.